ಹುಣಸೆಹಣ್ಣಿನಲ್ಲಿ ಬೆಳಗಿದ ಭೂತಗನ್ನಡಿ

ತಿಥಿ ಮುಗಿದ ಮರುದಿನ ಬೆಳಿಗ್ಗೆ ಹಾಲು ಉಕ್ಕಿತು.

ಒಲೆಯ ಮುಂದೆಯೇ ಕುಳಿತಿದ್ದ ಹೊಂಬಾಳೆ ಅದನ್ನು ನೋಡುತ್ತಿದ್ದಳು. ಇಳಿಸಲಿಲ್ಲ. ಕೆಂಡದ ಮೇಲೆ ಬಿದ್ದ ಹಾಲು ಸೀದ ವಾಸನೆ ಮೂಗಿಗೆ ಬಡಿದಾಗ ಹೊಟ್ಟೆ ತೊಳಸಿತು. ಕಿಟಕಿಯಿಂದ ಮಂಡ್ಯದ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿ ನಾತ. ಹಿತ್ತಿಲಿನಿಂದ ನಿನ್ನೆಯ ಎಂಜಲೆಲೆಗಳ ನಾತ.

ಹನ್ನೊಂದು ದಿನ ಮನೆ ತುಂಬ ಜನರಿದ್ದರು. ಇಂದು ಯಾರೂ ಇಲ್ಲ. ಅಳು ಬರಬೇಕಿತ್ತು...

ಬಂದದ್ದು ಹೇಸಿಗೆ.

ಗಂಡ ಶಿವಣ್ಣ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಾಲೆಯ ಬಯಲಿನ ಚಳಿಜ್ವರ ಐದೇ ದಿನದಲ್ಲಿ ತಲೆಗೇರಿ ಅವನನ್ನು ಕೊಂಡೊಯ್ದಿತ್ತು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಅವನ ಕೈಹಿಡಿದಿದ್ದ ಹೊಂಬಾಳೆಗೆ ಈಗ ಇಪ್ಪತ್ತನಾಲ್ಕು.

"ಯಾರಿದ್ದೀರಿ ಮನೇಲಿ?"

ಬಾಗಿಲಲ್ಲಿ ಖಾಕಿ ಅಂಗಿ ತೊಟ್ಟ ಅಪರಿಚಿತ. ಮೂವತ್ತರ ಆಸುಪಾಸು. ಅವಳನ್ನು ಕಂಡು ಅವನು ಎರಡು ಹೆಜ್ಜೆ ಹಿಂದೆ ಸರಿದು ಜಗಲಿಯ ಕೆಳಗೆ ನಿಂತ.

"ನಾನು ಚಲುವರಾಜು ಅಂತ. ಮಳವಳ್ಳಿ ಮಲೇರಿಯ ಕಚೇರೀಲಿ ಲ್ಯಾಬೊರೇಟರಿ ಸಹಾಯಕ. ಮೇಷ್ಟ್ರು ನನಗೆ... ಸ್ನೇಹಿತರು." ಅವನ ಮಾತು ತಡವರಿಸಿತು. "ನಮ್ಮದೊಂದು ಮೈಕ್ರೋಸ್ಕೋಪು ಅವರ ಹತ್ತಿರ ಇತ್ತು."

ಓಹೋ, ಇವನೂ ಬಂದನೇ! ಮೂರನೇ ದಿನ ಮೈದುನ ಗಂಡನ ಕೈಗಡಿಯಾರ ಎತ್ತಿಕೊಂಡು ಹೋಗಿದ್ದ. ಏಳನೇ ದಿನ ಚಿಕ್ಕಮಾವ ಕೊಡೆ ಕೇಳಿದ್ದ.

"ಅವರ ಮೇಲೆ ಹಾಕಿದ ಮಣ್ಣು ಇನ್ನೂ ಹಸಿಯಾಗಿದೆ," ಎಂದಳು ಹೊಂಬಾಳೆ. "ಹದ್ದಿಗೂ ಇಷ್ಟು ಆತುರ ಇರೋಲ್ಲ."

ಅವನ ಮುಖ ಬಿಳುಚಿತು. "ತಿಂಗಳ ಕೊನೆಗೆ ಸಾಹೇಬರು ಸಾಮಾನು ನೋಡೋಕೆ ಬರ್ತಾರೆ. ಅಷ್ಟರೊಳಗೆ..."

"ಕಳಿಸ್ತೀನಿ. ಹೋಗಿ."

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ಅವಳು ಬಾಗಿಲು ಹಾಕಿದಳು.

ಈಗಲೇ ಕಳಿಸಿಬಿಡಬೇಕು ಎಂದು ಒಳಗೆ ಹೋಗಿ ಪೆಟ್ಟಿಗೆ ತೆರೆದರೆ, ಅದು ಖಾಲಿ!

ಹಿತ್ತಿಲಲ್ಲಿ ಅತ್ತೆ ದೇವಿರಮ್ಮ ಕೊಡ, ಚೊಂಬು, ತಪ್ಪಲೆಗಳನ್ನು ಸಾಲಾಗಿ ಬೋರಲು ಹಾಕಿದ್ದಳು. ಅವುಗಳ ಕೊನೆಯಲ್ಲಿ, ಎಳೆಬಿಸಿಲಿಗೆ ದೇವರ ದೀಪದಂತೆ ಝಗಝಗಿಸುತ್ತ, ಮೈಕ್ರೋಸ್ಕೋಪು ನಿಂತಿತ್ತು.

"ಇದೇನತ್ತೆ ಮಾಡಿದ್ರಿ?"

"ಏನ್ ಮಾಡ್ದೆ? ಸೂತ್ಕದ್ ಮನೆ ಕಣವ್ವ. ಇತ್ತಾಳೆ ಸಾಮಾನೆಲ್ಲಾ ತೊಳೀಬ್ಯಾಡ್ವಾ? ಉಣಸೆಅಣ್ಣು, ಬೂದಿ ಆಕಿ ಬೆಳಗಿವ್ನಿ. ಆ ಸಣ್ ಕೊಳವೆಗಳ್ನ ಕುದಿಯೋ ನೀರ್ಗೆ ಆಕಿದ್ದೆ. ಕೇರಿ ಐಕ್ಳೆಲ್ಲಾ ಕಣ್ ಮಡಗಿದ್ ಸಾಮಾನು... ಥೂ!"

ಹೊಂಬಾಳೆ ಅದನ್ನೆತ್ತಿ ಕಣ್ಣಿಟ್ಟಳು. ಬರೀ ಬಿಳುಪು. ಪೊರೆ ಬಂದ ಮುದಿಗಣ್ಣಿನ ಹಾಗೆ ಗಾಜು ಮಸುಕಾಗಿತ್ತು.

ಅವಳು ಹಿತ್ತಿಲ ಮೂಲೆಗೆ ಹೋಗಿ ವಾಂತಿ ಮಾಡಿದಳು. ತಿರುಗಿದಾಗ ದೇವಿರಮ್ಮನ ಕೈ ಹಾಗೇ ನಿಂತಿತ್ತು. ಆ ಮುದಿ ಕಣ್ಣುಗಳಲ್ಲಿ ಎಲ್ಲಿಲ್ಲದ ಆಸೆ.

"ಲೇ ಹೊಂಬಾಳೆ... ತಿಂಗ್ಳು ಏನಾರ ನಿಂತದಾ?"

"ಇಲ್ಲ ಅತ್ತೆ."

ದೇವಿರಮ್ಮ ಮತ್ತೆ ಕೊಡವನ್ನು ಎಳೆದುಕೊಂಡು ಉಜ್ಜತೊಡಗಿದಳು. ಸತ್ತವನು ಅವಳಿಗೂ ಮಗನಲ್ಲವೇ...

*

ಭಾನುವಾರ ಬೀದಿಯಲ್ಲಿ ಮೂವರು ಹುಡುಗರು ಬಂದು ನಿಂತರು. ಮುಂದೆ ನಿಂತವನು ಮರಿಸಿದ್ದಯ್ಯ. ಹತ್ತೊಂಬತ್ತು ವರ್ಷದವನು, ಕೇರಿಯವನು. ಕೇರಿಯವರು ಮನೆಯ ಮೆಟ್ಟಿಲು ಹತ್ತುವಂತಿರಲಿಲ್ಲ. ಶಿವಣ್ಣ ಅವರಿಗೆ ಹಿಂದಿನ ಕೊಟ್ಟಿಗೆಯಲ್ಲಿ ಪಾಠ ಹೇಳುತ್ತಿದ್ದ.

"ಅಮ್ಮಾವ್ರೆ, ಪಾಠ ಅದಾ?"

"ಮೇಷ್ಟ್ರೇ ಇಲ್ಲವಲ್ಲ ಮರಿಸಿದ್ದಯ್ಯ."

"ಮೇಷ್ಟ್ರು ಓಗ್ಬುಟ್ರು ಅಂತ ಜರ ನಿಂತದಾ? ನಮ್ ಕೇರೀಲಿ ನೆನ್ನೆ ಇನ್ನೊಂದ್ ಕೂಸು ಓಯ್ತು."

ಜ್ವರದ ಔಷಧ ಕ್ವಿನೈನ್ ಬರುತ್ತಿದ್ದ ಜಾವಾ ದ್ವೀಪ ಯುದ್ಧದಲ್ಲಿ ಜಪಾನಿಯರ ಪಾಲಾದ ಮೇಲೆ ಅದು ಚಿನ್ನವಾಗಿತ್ತು. ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಹಚ್ಚಿ, ಅದರಲ್ಲಿ ಜ್ವರದ ಜೀವಿ ಕಂಡರೆ ಮಾತ್ರ ಕ್ವಿನೈನಿನ ಚೀಟಿ. ಆದರೆ ಬೆರಳು ಚುಚ್ಚಲು ಬರುವ ಮನುಷ್ಯ ಕೇರಿಯವರ ಕೈ ಮುಟ್ಟುತ್ತಿರಲಿಲ್ಲ. ಮುಟ್ಟದಿದ್ದರೆ ರಕ್ತವಿಲ್ಲ. ರಕ್ತವಿಲ್ಲದಿದ್ದರೆ ಚೀಟಿಯೂ ಇಲ್ಲ.

ಮಲೇರಿಯ ಕಚೇರಿಯಲ್ಲಿ ರಕ್ತ ತೆಗೆದು ಗಾಜು ನೋಡುವ ಒಂದು ಕೆಲಸ ಖಾಲಿಯಿತ್ತು. ದೀಪಾವಳಿ ಕಳೆದ ಮೇಲೆ ಪರೀಕ್ಷೆ. ಆ ಕೆಲಸ ಮರಿಸಿದ್ದಯ್ಯನಿಗೆ ಸಿಗಲೇಬೇಕೆಂದು ಶಿವಣ್ಣ ಹಟ ಹಿಡಿದಿದ್ದ.

"ಇವ್ನಿಗ್ ಕೆಲ್ಸ ಸಿಕ್ರೆ ಮೊದ್ಲು ಸಾನ್‌ಬೋಗ್ರ ಬೆರ್ಳಿಗೇ ಚುಚ್ಚುಸ್ತೀವಿ ಕಣಮ್ಮ!" ಎಂದ ಹಿಂದೆ ನಿಂತಿದ್ದವನು.

"ಸುಮ್ಕಿರ್ಲಾ, ಮೊದ್ಲು ನಿನ್ ನಾಲ್ಗೆಗೆ ಚುಚ್ತೀನಿ," ಎಂದ ಮರಿಸಿದ್ದಯ್ಯ.

ಹೊಂಬಾಳೆ ಮೈಕ್ರೋಸ್ಕೋಪು ತಂದು ತೋರಿಸಿದಳು. ಅವನು ಕಣ್ಣಿಟ್ಟು, ತೆಗೆದು, ಮತ್ತೆ ಇಟ್ಟ.

"ಮಂಜು ಬಂದದಲ್ಲ ಅಮ್ಮಾವ್ರೆ!"

"ಮನೇಲಿ... ತೊಳೆದುಬಿಟ್ರು."

ಮರಿಸಿದ್ದಯ್ಯ ಹೊಳೆಯುವ ಹಿತ್ತಾಳೆಯನ್ನೊಮ್ಮೆ ನೋಡಿದ. "ನಮ್ ಕಣ್ಣಿನ್ ಮೈಲ್ಗೆ ಓಗ್ಲಿ ಅಂತಾ?"

ಅವಳು ತಲೆ ತಗ್ಗಿಸಿದಳು.

"ಓಗ್ಲಿ ಬುಡಿ. ಮದ್ದೂರ್ ಪ್ಯಾಟೇಲಿ ನಯಾಜ್ ಪಾಸಾ ಸಾಬ್ರವ್ರೆ. ಗಡಿಯಾರ ರಿಪೇರಿ ಮಾಡ್ತರೆ. ಅವ್ರಿಗ್ ತೋರ್ಸಿ."

*

ನಯಾಜ್ ಪಾಷಾ ಕಣ್ಣಿಗೆ ಗಾಜಿನ ಬಿಲ್ಲೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೂಸಿ ನೋಡಿದರು.

"ಯಾ ಅಲ್ಲಾ! ಇದನ್ನ ಯಾರಮ್ಮಾ ಸಾರಿಗೆ ಹಾಕಿದ್ದು?"

ಹೊಂಬಾಳೆಗೆ ನಗು ಬರಲಿಲ್ಲ. "ಸರಿಯಾಗುತ್ತಾ ಸಾಹೇಬರೇ?"

"ಗೀರು ಸ್ವಲ್ಪ ತೆಗೀಬೋದು. ಒಳಗಡೆ ಎರಡು ಗಾಜು ಸೇರಿಸಿ ಅಂಟು ಹಾಕಿರ್ತಾರೆ ನೋಡು, ಅದು ಬೆಂದು ಹಾಲಾಗೈತೆ. ಬೇರೆ ಅಂಟು ಬೇಕು. ಬಾಲ್ಸಮ್ ಅಂತಾರೆ. ಲಡಾಯಿ ಶುರುವಾದ್ಮೇಲೆ ನನ್ನ ಹತ್ರ ಎಲ್ಲೈತೆ? ರಕ್ತದ ಗಾಜು ಮುಚ್ಚೋಕೆ ಅದನ್ನೇ ಹಾಕ್ತಾರೆ. ಮಳವಳ್ಳಿ ಮಲೇರಿಯ ಆಫೀಸಲ್ಲಿ ಕೇಳಮ್ಮ."

ಹದ್ದು ಎಂದು ಬೈದು ಕಳಿಸಿದವನ ಬಾಗಿಲಿಗೇ ಹೋಗಬೇಕೇ!

ಮಳವಳ್ಳಿಗೆ ಹೊರಟಿದ್ದ, ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿದಳು. ಮುಂದಿನ ಸೀಟಿನವನು ಅವಳ ಬೋಳು ಹಣೆ ನೋಡಿ ಕಿಟಕಿಯಾಚೆ ಉಗಿದ. ಪಕ್ಕದ ಹೆಂಗಸು ಮಗುವನ್ನು ಆಚೆ ಮಗ್ಗುಲಿಗೆ ಎಳೆದುಕೊಂಡು, "ಒಳ್ಳೆ ಕೆಲ್ಸುಕ್ ಓಯ್ತಾ ಇವ್ನಿ, ಎದ್ರಿಗೇ ಸಿಕ್ತಲ್ಲ," ಎಂದು ಗೊಣಗಿದಳು.

ಇಷ್ಟು ದಿನ ಹೊಂಬಾಳೆಗೆ ಕಂಡದ್ದೆಲ್ಲ ಹೇಸಿಗೆಯಾಗುತ್ತಿತ್ತು. ತನ್ನನ್ನು ಕಂಡೂ ಹೇಸುವವರಿದ್ದಾರೆ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು. ಮಳವಳ್ಳಿ ಬರುವವರೆಗೂ ಅವಳು ಮಡಿಲಲ್ಲಿದ್ದ ಪೆಟ್ಟಿಗೆಯನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಕಚೇರಿಯ ಪಡಸಾಲೆಯಲ್ಲಿ ಸೊಳ್ಳೆಮರಿ ತುಂಬಿದ ಜಾಡಿಗಳು. ಕೊಳೆನೀರಿನಲ್ಲಿ ಅವು ಕೊಂಕುತ್ತ ಮೇಲೆದ್ದು ಮುಳುಗುತ್ತಿದ್ದವು. ಅವಳು ಮೂಗು ಮುಚ್ಚಿಕೊಂಡಳು.

"ಹಾಳು ಮಾಡಿಬಿಟ್ವಿ," ಎಂದಳು ಪೆಟ್ಟಿಗೆಯನ್ನು ಚಲುವರಾಜುವಿನ ಮೇಜಿನ ಮೇಲಿಟ್ಟು.

ಅವನು ತೆರೆದು ನೋಡಿದ. ಮುಖದ ಬಣ್ಣ ಇಳಿಯಿತು. ಮೆಲ್ಲಗೆ ಅಂದ, "ಇಷ್ಟು ಹೊಳಪು ಕಂಪನಿಯವರೂ ಕೊಟ್ಟಿರಲಿಲ್ಲ."

"ತಮಾಷೆ ಮಾಡಬೇಡಿ!" ಎಂದಳು. ಧ್ವನಿ ಅರ್ಧದಲ್ಲೇ ಒಡೆಯಿತು. ಗಂಡ ಹೋದಾಗ ಬಾರದ ಅಳು, ತಿಥಿಯ ದಿನವೂ ಬಾರದ ಅಳು, ಸೊಳ್ಳೆಮರಿಗಳ ಮುಂದೆ ಬಂತು.

ಅವನು ಸಮಾಧಾನ ಹೇಳಲಿಲ್ಲ. ಒಂದು ಸ್ಟೂಲನ್ನು ಅವಳತ್ತ ತಳ್ಳಿ ಕಿಟಕಿಯ ಕಡೆ ತಿರುಗಿ ನಿಂತ.

ಅಳು ನಿಂತ ಮೇಲೆ ಅವಳೇ ಕೇಳಿದಳು. "ಅವತ್ತು ಏನೋ ಹೇಳೋಕೆ ಹೊರಟಿದ್ರಿ."

"ಸಾಹೇಬರು ನೋಡಿ ಹೋದ ಮರುದಿನವೇ ವಾಪಸ್ ತಂದುಕೊಡ್ತೀನಿ, ಪಾಠ ನಿಲ್ಲಿಸಬೇಡಿ ಅಂತ ಹೇಳಬೇಕಿತ್ತು. ನನ್ನ ಜವಾಬ್ದಾರಿ ಮೇಲೇ ಮೇಷ್ಟ್ರಿಗೆ ಕೊಟ್ಟಿದ್ದೆ. ಗೊತ್ತಾದರೆ ನನ್ನ ಕೆಲಸ ಹೋಗುತ್ತೆ."

"ಮತ್ತೆ ಯಾಕೆ ಕೊಟ್ರಿ?"

"ಮರಿಸಿದ್ದಯ್ಯ ಗಾಜು ನೋಡೋದನ್ನ ನೀವು ನೋಡಿಲ್ಲವಾ?" ಎಂದಷ್ಟೇ ಹೇಳಿ ಅವನು ಕಪಾಟಿನಿಂದ ಹೆಬ್ಬೆರಳ ಗಾತ್ರದ ಸೀಸೆ ತೆಗೆದ. ತಳದಲ್ಲಿ ಜೇನಿನಂಥ ಅಂಟು, ಸ್ವಲ್ಪವೇ.

ಮರುದಿನ ಮದ್ದೂರಿನ ಅಂಗಡಿಯಲ್ಲಿ ಮೂವರೂ ಬಗ್ಗಿ ಕುಳಿತರು. ನಯಾಜ್ ಪಾಷಾ ಸ್ಪಿರಿಟ್ ದೀಪದ ಮೇಲೆ ಗಾಜು ಕಾಯಿಸಿದರು. ಚಲುವರಾಜುವಿನ ಚಿಮುಟದಿಂದ ಗಾಜು ಎರಡು ಸಲ ಜಾರಿತು.

"ನೀನು ಬಿಡಪ್ಪ, ಅಮ್ಮನ ಕೈಗೆ ಕೊಡು. ಓದಿದ ಕೈ, ನಡುಗಲ್ಲ," ಎಂದರು ಪಾಷಾ.

ಹೊಂಬಾಳೆ ಚಿಮುಟದಲ್ಲಿ ಗಾಜು ಹಿಡಿದು, ಉಸಿರು ಬಿಗಿಹಿಡಿದು, ಅಂಟಿನ ಮೇಲೆ ಇಳಿಸಿದಳು. ಒಂದೂ ಗುಳ್ಳೆ ಏಳಲಿಲ್ಲ.

"ಶಹಬ್ಬಾಸ್!"

ತಲೆ ಎತ್ತಿದಾಗ ಚಲುವರಾಜು ನೋಡುತ್ತಿದ್ದುದು ಗಾಜನ್ನಲ್ಲ, ಅವಳನ್ನು. ಇಬ್ಬರೂ ಕಣ್ಣು ತಪ್ಪಿಸಿದರು.

ತಿಂಗಳ ಕೊನೆಗೆ ಸಾಹೇಬರು ಬಂದರು. ಗಾಜಿನೊಳಗೆ ಇಣುಕಲೇ ಇಲ್ಲ. ಹಿತ್ತಾಳೆಯ ಹೊಳಪು ಮೆಚ್ಚಿ, ಸಾಮಾನು ಹೀಗಿರಬೇಕು ಎಂದು ಹೇಳಿ ಹೋದರಂತೆ!

*

ಮೈಕ್ರೋಸ್ಕೋಪು ಕೊಟ್ಟಿಗೆಗೆ ಮರಳಿತ್ತು. ಅಲ್ಲಿಯ ಪಾಠವನ್ನು ಈಗ ಹೊಂಬಾಳೆಯೇ ಹೇಳುತ್ತಿದ್ದಳು. ಭಾನುವಾರಕ್ಕೊಮ್ಮೆ ಚಲುವರಾಜು ಹಳೆಯ ರಕ್ತದ ಗಾಜುಗಳನ್ನು ಹೊತ್ತು ಬರುತ್ತಿದ್ದ. ಎಲ್ಲರಿಗೆಂದು ತಂದ ಹುರಿದ ಕಡ್ಲೆಕಾಯಿಯ ಪೊಟ್ಟಣವನ್ನು ಅವಳ ಕೈಗೆಟುಕುವ ಹಾಗೆ ಇಡುತ್ತಿದ್ದ. ಊಟ ಸೇರದೆ ಅವಳು ಸೊರಗುತ್ತಿರುವ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ಆಷಾಢದ ಒಂದು ಭಾನುವಾರ ಅವಳ ಕೈ ತಾನಾಗಿಯೇ ಪೊಟ್ಟಣಕ್ಕೆ ಹೋಯಿತು. ಒಂದು ಬೀಜ. ಹೊಟ್ಟೆ ತೊಳಸಲಿಲ್ಲ. ಇನ್ನೊಂದು. ಎದುರಿಗೆ ಕುಳಿತವನು ಬೇರೆಲ್ಲೋ ನೋಡುತ್ತ ನಕ್ಕ. 'ಯಾಕೆ ನಗ್ತಾನೆ ಇವನು?' ಎಂದುಕೊಂಡಳು. ಅವನು ನಕ್ಕದ್ದು ತನಗೆ ಹಿತವಾಯಿತೆಂದು ಗೊತ್ತಾಗಿ ಗಾಬರಿಯಾಯಿತು.

ಪಾಠದಲ್ಲಿ ಅವಳದೊಂದು ರೂಢಿಯಿತ್ತು. ಹುಡುಗರು ಕಣ್ಣಿಟ್ಟು ತೆಗೆದ ಮೇಲೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿಯೇ ತಾನು ಕಣ್ಣಿಡುವಳು. ಶಿವಣ್ಣ ಇದ್ದಾಗಿನಿಂದಲೂ ಹಾಗೆಯೇ. ಕೇಳಿದರೆ, ಕಣ್ಣುಬೇನೆ ಅಂಟುತ್ತದೆ ಎನ್ನುವಳು.

ಶ್ರಾವಣದ ಒಂದು ದಿನ ಮರಿಸಿದ್ದಯ್ಯ ನೋಡಿದ. ಅವಳು ಒರೆಸಿದಳು. ನಂತರ ಚಲುವರಾಜು ನೋಡಿ, "ಸರಿಯಾಗಿ ಹಿಡಿದಿದ್ದಾನೆ, ನೋಡಿ," ಎಂದ. ಅವಳು ಹಾಗೆಯೇ ಬಗ್ಗಿ ಕಣ್ಣಿಟ್ಟಳು.

ಹುಡುಗರು ಹೋದ ಮೇಲೆ ಅವನು ಕೇಳಿದ. "ನನ್ನ ಕಣ್ಣು ಹಾಕಿದಾಗ ಒರೆಸಲಿಲ್ಲವಲ್ಲ?"

"ನಿಮಗೆ ಕಣ್ಣುಬೇನೆ ಇಲ್ಲವಲ್ಲ."

"ಮರಿಸಿದ್ದಯ್ಯನಿಗೆ ಇತ್ತಾ?"

ಅವಳು ಹತ್ತಿಯ ಉಂಡೆಯನ್ನು ಸೆರಗಿನಡಿ ಸರಿಸಿದಳು.

"ನಾನು ಪೂರಿಗಾಲಿಯ ಕೇರಿಯವನು ಹೊಂಬಾಳಮ್ಮನವರೇ. ಮೈಸೂರಿನ ಹಾಸ್ಟೆಲಿನಲ್ಲಿ ಓದಿದೆ. ಕಚೇರಿಗೆ ಗೊತ್ತು. ಮೇಷ್ಟ್ರಿಗೂ ಗೊತ್ತಿತ್ತು."

"ಅವರು ನನಗೆ ಹೇಳಲಿಲ್ಲ..."

"ಹೇಳಿದರೆ ಪೆಟ್ಟಿಗೆ ಮನೆಯೊಳಗೆ ಬರೋಲ್ಲ ಅಂದಿದ್ದರು."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಎರಡು ವರ್ಷ ಒಂದೇ ಮನೆಯಲ್ಲಿ ಬಾಳಿದವನು ಅವಳ ಹತ್ತಿಯನ್ನು ನೋಡಿದ್ದ, ಕಾರಣ ತಿಳಿದಿದ್ದ, ಬಾಯಿ ಬಿಟ್ಟು ಒಂದು ದಿನವೂ ಹೇಳಿರಲಿಲ್ಲ. ಹುಣಸೆಹಣ್ಣು ಹಾಕಿದ ಅತ್ತೆಗೂ ಸ್ಪಿರಿಟ್ ಹಾಕಿದ ತನಗೂ ಏನು ವ್ಯತ್ಯಾಸ!

ಚಲುವರಾಜು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ರಕ್ತದ ಗಾಜುಗಳು ಮಾತ್ರ ಬಸ್ಸಿನವನ ಕೈಲಿ ತಪ್ಪದೆ ಬರುತ್ತಿದ್ದವು.

ಅವಳು ಹತ್ತಿಯನ್ನು ಎಸೆದಳು. ಮರಿಸಿದ್ದಯ್ಯ ಕಣ್ಣು ತೆಗೆದ ತಕ್ಷಣ ತಾನು ಕಣ್ಣಿಟ್ಟಳು. ಹಿತ್ತಾಳೆ ಬೆಚ್ಚಗಿತ್ತು. ಅವನ ಬೆವರು ಅವಳ ರೆಪ್ಪೆಗೆ ತಾಗಿತು. ಕಣ್ಣು ತೆಗೆಯಲಿಲ್ಲ. ಕಣ್ಣಿನಿಂದ ನೀರು ಸುರಿದರೂ ತೆಗೆಯಲಿಲ್ಲ.

ನಾಲ್ಕನೇ ವಾರದ ಹೊತ್ತಿಗೆ ಅದು ಬರೀ ಬೆಚ್ಚಗಿತ್ತು.

"ಒರ್ಸೋದ್ ಬುಟ್ಬುಟ್ರಾ ಅಮ್ಮಾವ್ರೆ?" ಎಂದ ಮರಿಸಿದ್ದಯ್ಯ, ಗಾಜಿನಿಂದ ತಲೆ ಎತ್ತದೆ.

"ನೋಡ್ತಿದ್ಯಾ ನೀನು?"

"ಕಣ್ ನೋಡ್ದಿದ್ರೆ ಈ ಕೆಲ್ಸ ಯಾಕ್ ಕೊಡ್ತರೆ?"

*

ಪರೀಕ್ಷೆಯಲ್ಲಿ ಹನ್ನೆರಡು ಗಾಜು ಇಟ್ಟಿದ್ದರು. ಮರಿಸಿದ್ದಯ್ಯ ಹನ್ನೊಂದನ್ನು ಸರಿಯಾಗಿ ಗುರುತಿಸಿದ. ಕೆಲಸ ಅವನದಾಯಿತು. ಆ ವಾರವೇ ಕೇರಿಯಲ್ಲಿ ನಲವತ್ತು ಬೆರಳು ಚುಚ್ಚಿದ. ಅಷ್ಟರಲ್ಲಿ ದೇವಿರಮ್ಮನಿಗೂ ಚಳಿಜ್ವರ ಹತ್ತಿತು. ಚೀಟಿ ಬೇಕಾದರೆ ಬೆರಳು ಕೊಡಬೇಕು, ಕೊಡುವುದಾದರೆ ಮರಿಸಿದ್ದಯ್ಯನಿಗೇ ಕೊಡಬೇಕು.

"ಮುಟ್ಬ್ಯಾಡ ಕಣ್ಲಾ! ದೂರದಿಂದ್ಲೇ ಚುಚ್ಚು!"

"ದೂರದಿಂದ ಚುಚ್ಚೋಕೆ ನಾನೇನ್ ಸೊಳ್ಳೆಯಾ ಅಜ್ಜಿ? ಸೊಳ್ಳೇನೂ ಮೈ ಮೇಲ್ ಕೂತೇ ಚುಚ್ಚೋದು."

ದೇವಿರಮ್ಮ ಕಣ್ಣು ಮುಚ್ಚಿ ಬೆರಳು ಚಾಚಿದಳು. ಆಮೇಲೆ ಕೈಯನ್ನು ಮೂರು ಸಲ ತೊಳೆದುಕೊಂಡಳು. ಕ್ವಿನೈನನ್ನು ಮಾತ್ರ ಒಂದೂ ಮಾತಾಡದೆ ನುಂಗಿದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಂಬಾಳೆ ಮೈಕ್ರೋಸ್ಕೋಪಿನ ಪೆಟ್ಟಿಗೆ ಕಟ್ಟಿದಳು.

"ಎಲ್ಲಿಗವ್ವ?"

"ಮಳವಳ್ಳಿಗೆ. ನಿಮ್ಮ ಮಗ ತಂದಿದ್ದನ್ನ ಕೊಟ್ಟು ಬರಬೇಕು."

"ಆ ಐಕ್ಳ್ ಕೈಲಿ ಕಳ್ಸು."

"ನಾನೇ ಕೊಡಬೇಕು ಅತ್ತೆ. ಕೊಟ್ಟು... ಚಲುವರಾಜು ಅವರನ್ನ ಒಂದು ಮಾತು ಕೇಳಬೇಕು. ಒಪ್ಪಿದರೆ ನಾನು ಅವರ ಜೊತೆ ಬಾಳ್ತೀನಿ."

ದೇವಿರಮ್ಮನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹೊಸ್ತಿಲ ಹೊರಗೆ ಕ್ಯಾಕರಿಸಿ ಉಗಿದಳು. "ಥೂ ನಿನ್ನ! ಆಚೆ ಓದ್ರೆ ತಿರ್ಗಾ ಈ ಒಸ್ಲು ತುಳೀಬ್ಯಾಡ!"

ಉಗುಳು ಹೊಂಬಾಳೆಯ ಕಾಲ ಬಳಿ ಬಿತ್ತು. ಅವಳು ಅದನ್ನು ದಾಟಿ ನಡೆದಳು. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ಮುದುಕಿ ಕಂಬಕ್ಕೆ ಒರಗಿ ಸೆರಗು ಬಾಯಿಗೊತ್ತಿಕೊಂಡಿದ್ದಳು.

*

ಚಲುವರಾಜು ಮೇಜಿನ ಮೇಲೆ ಬಗ್ಗಿದ್ದ. ಅವಳ ನೆರಳು ಬಿದ್ದಾಗ ತಲೆ ಎತ್ತಿ ಎದ್ದು ನಿಂತ.

ಅವಳು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ನಾನು ಒರೆಸ್ತಿದ್ದದ್ದು ಕಣ್ಣುಬೇನೆಗಲ್ಲ."

"ಗೊತ್ತು."

"ಅವರಿಗೂ ಗೊತ್ತಿತ್ತು. ಸತ್ತವರ ಹತ್ತಿರ ತಪ್ಪಾಯ್ತು ಅನ್ನೋಕಾಗಲ್ಲ. ಮರಿಸಿದ್ದಯ್ಯನ ಹತ್ತಿರ ಅಂದೆ. ಈಗ ನಿಮ್ಮ ಹತ್ತಿರ ಬಂದೆ."

ಅವನು ಅವಳನ್ನು ನೇರವಾಗಿ ನೋಡಿದ. "ಹೇಸಿಗೆ ಪೂರ್ತಿ ಹೋಯಿತಾ?"

"ಪೂರ್ತಿ ಹೋಯಿತು ಅಂದರೆ ಸುಳ್ಳಾಗುತ್ತೆ. ಬಂದರೆ ಈಗ ಗುರುತು ಸಿಗುತ್ತೆ. ಅಷ್ಟೇ."

"ನನಗೂ ಹೇಸಿಗೆಯಾಗಿತ್ತು. ನಿಮ್ಮ ಮೇಲೆ." ಅವನ ಧ್ವನಿ ಒರಟಾಯಿತು. "ಓದಿದವರು, ಮೇಷ್ಟ್ರ ಹೆಂಡತಿ... ಇವರೂ ಹೀಗೇನಾ ಅಂತ. ಅದೂ ಪೂರ್ತಿ ಹೋಗಿಲ್ಲ."

"ಹಾಗಾದರೆ ನಾನು ಬಂದದ್ದು..."

"ಪ್ರತಿ ಭಾನುವಾರ ಬಸ್ಸಿನ ಹತ್ತಿರ ಹೋಗ್ತಿದ್ದೆ. ಗಾಜಿನ ಪೊಟ್ಟಣ ನಾನೇ ತಗೊಂಡು ಹೋಗಬೇಕು ಅಂತಲೇ ಹೋಗ್ತಿದ್ದೆ. ಕೊನೇ ಗಳಿಗೇಲಿ ಡ್ರೈವರ್ ಕೈಗೆ ಕೊಟ್ಟು ವಾಪಸ್ ಬರ್ತಿದ್ದೆ. ಅವನು ನಗೋಕೆ ಶುರು ಮಾಡಿದ್ದ."

ಹೊಂಬಾಳೆ ಪೆಟ್ಟಿಗೆಯನ್ನು ಅವನ ಎರಡೂ ಕೈಗಳ ಮೇಲಿಟ್ಟಳು. "ಇದು ಅವರು ಎರವಲು ತಂದದ್ದು. ಅವರ ಪರವಾಗಿ ಹಿಂದಕ್ಕೆ ಕೊಡ್ತಿದ್ದೀನಿ."

"ಭಾನುವಾರದ ಪಾಠ? ಇನ್ನೂ ಎಂಟು ಹುಡುಗರು ಬರ್ತಿದ್ದಾರಂತೆ."

"ಪಾಠ ನಿಲ್ಲಲ್ಲ. ಎರವಲು ಮಾತ್ರ ಇನ್ನು ಕೇಳೋಲ್ಲ. ನೀವೇ ಬರಬೇಕು. ಬಂದರೆ ನಾನು ಹಿಂದಕ್ಕೆ ಕಳಿಸೋಳಲ್ಲ."

ಅವನು ಪೆಟ್ಟಿಗೆಯನ್ನು ಹಿಡಿದುಕೊಂಡೇ ನಿಂತ. ಕೆಳಗಿಡಬೇಕೆಂಬುದೂ ಮರೆತುಹೋಗಿತ್ತು.

"ಯಾವ ಮನೆಗೆ ಬರಲಿ? ನಿಮ್ಮತ್ತೆ ಬಾಗಿಲು ತೆಗೀತಾರಾ?"

"ಇಲ್ಲ. ಪೂರಿಗಾಲೀಲಿ ನಿಮ್ಮಮ್ಮ ತೆಗೀತಾರಾ?"

"ಒಕ್ಕಲಿಗರ ಹೆಣ್ಣು. ಅದರ ಮೇಲೆ ಗಂಡ ಸತ್ತವಳು. ಊರವರು ಬಂದು ಮನೆಗೆ ಬೆಂಕಿ ಇಟ್ಟರೆ ಏನ್ಲಾ ಮಾಡ್ತೀಯ ಅಂತ ಮೊದಲು ನನಗೆ ಬಯ್ತಾಳೆ."

"ಆಮೇಲೆ?"

"ಆಮೇಲೆ ಮುದ್ದೆ ಇಕ್ತಾಳೆ." ಅವನು ತಡೆದ. "ನಮ್ಮ ಮನೆ ಮುದ್ದೆ. ನಮ್ಮ ತಟ್ಟೇಲಿ. ಉಣ್ತೀರಾ?"

ಹೊಂಬಾಳೆ ತನ್ನ ಹೊಟ್ಟೆಯ ಮಾತಿಗೆ ಕಿವಿಗೊಟ್ಟಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

"ಹಸಿದಿದ್ದೀನಿ," ಎಂದಳು. "ಪೂರಿಗಾಲಿ ಬಸ್ಸು ಎಷ್ಟು ಹೊತ್ತಿಗೆ?"